ಎಂಟನೆಯ ಹಾಡಿನ ಕಂಠಮಾಧುರ್ಯ

ಒಂದು ತಪ್ಪೊಪ್ಪಿಗೆಯಿಂದಲೇ ಶುರುಮಾಡುತ್ತೇನೆ. ಮೂವತ್ತು ವರ್ಷಗಳಿಂದ ಶಿವಮೊಗ್ಗದ ಒಂದು ಪುಟ್ಟ ಪತ್ರಿಕೆಗೆ ಸಂಗೀತ ವಿಮರ್ಶೆ ಬರೆಯುತ್ತಿದ್ದೇನೆ; ಆದರೆ ಒಂದು ಕಚೇರಿಯನ್ನೂ ಕೊನೆಯವರೆಗೆ ಕೇಳಿದವನಲ್ಲ. ಕೇಳುವ ಅಗತ್ಯವಾದರೂ ಏನು? ಕೋಟೆಯ ದೇವಸ್ಥಾನದಲ್ಲಿ ಕೋಸಂಬರಿ ಹಂಚುವ ಹೊತ್ತಿಗೆ ನನ್ನ ಕೆಲಸ ಮುಗಿದಿರುತ್ತದೆ. ಆಹ್ವಾನ ಪತ್ರಿಕೆಯಲ್ಲಿ ಎಲ್ಲರ ಹೆಸರೂ ಇರುತ್ತದಲ್ಲ, ಹಾಡಿದವರಿಗೆ ‘ಕಂಠಮಾಧುರ್ಯ’, ಪಿಟೀಲಿಗೆ ‘ಹಿತಮಿತ’, ಮೃದಂಗಕ್ಕೆ ‘ಮನಸೂರೆ’ ಎಂದು ಹಂಚಿದರಾಯಿತು. ಕಟುವಾಗಿ ಬರೆಯೋಣವೆಂದರೆ, ಮರುದಿನ ಬರೆದವನೂ ಹಾಡಿದವನೂ ವಿದ್ಯಾನಗರದ ಒಂದೇ ತರಕಾರಿ ಗಾಡಿಯ ಮುಂದೆ ನಿಂತು ಬೆಂಡೆಕಾಯಿಯ ತುದಿ ಮುರಿಯಬೇಕು. ಊರಿನಲ್ಲಿ ಬಾಳಬೇಕಲ್ಲ ಸ್ವಾಮಿ!

ಹೀಗಿರುವಾಗ ಭದ್ರಾವತಿಯಲ್ಲಿರುವ ನನ್ನ ತಂಗಿಯ ಮಗಳು ಮಾನಸ ರಾಕ್ ಬ್ಯಾಂಡ್ ಕಟ್ಟಿದಳು. ಹಾಡು, ಗಿಟಾರು ಅವಳದು. ಡ್ರಮ್ಸ್ ಬೈಕ್ ಮೆಕ್ಯಾನಿಕ್ ಸಲೀಮನದು. ಎರಡು ವರ್ಷ ಅವನ ಗ್ಯಾರೇಜಿನಲ್ಲೇ ಕೂತು ಎಂಟು ಹಾಡುಗಳ ಆಲ್ಬಮ್ ಮಾಡಿ ನನ್ನ ಫೋನಿಗೆ ಕಳಿಸಿದಳು.

“ಮಾವ, ಬೆಂಗಳೂರಲ್ಲಿ ಹತ್ತು ಜನಕ್ಕೆ ಕಳ್ಸಿದ್ವಿ, ಒಬ್ರೂ ಕಿವಿಗೆ ಹಾಕ್ಕೊಳ್ಲಿಲ್ಲ. ನೀವೊಬ್ರಾದ್ರೂ ಪೂರ್ತಿ ಕೇಳಿ ಬರೀರಿ. ಬೈದ್ರೂ ಪರವಾಗಿಲ್ಲ, ಕೇಳಿ ಬೈರಿ.”

“ಕೇಳ್ದೇ ಇರ್ತೀನಾ ಮಾರಾಯ್ತಿ!” ಎಂದೆ. ಮೊದಲ ಹಾಡು ಹಾಕಿದೆ. “ಏನ್ರೀ, ಮಿಕ್ಸಿಗೆ ಚಮಚ ಬಿತ್ತಾ?” ಎಂದು ಹೆಂಡತಿ ಓಡಿಬಂದಳು. ಅಲ್ಲಿಗೆ ನಿಲ್ಲಿಸಿದೆ. ಉಳಿದ ಏಳಕ್ಕೆ ಹಾಡುಗಳ ಪಟ್ಟಿ ಇತ್ತಲ್ಲ! ‘ಕೊನೆಯ ಹಾಡಾದ “ಸೈರನ್”ನಲ್ಲಿ ಮಾನಸಳ ಕಂಠಮಾಧುರ್ಯವೂ ಸಲೀಮರ ಡ್ರಮ್ಸ್ ನುಡಿತವೂ ಶಿಖರ ಮುಟ್ಟಿದವು’ ಎಂದು ಬರೆದು ಕಳಿಸಿ, ಮಧ್ಯಾಹ್ನದ ನಿದ್ದೆ ತೆಗೆದೆ.

ವಿಮರ್ಶೆ ಅಚ್ಚಾದ ಭಾನುವಾರ ಗ್ಯಾರೇಜಿನಿಂದ ಕರೆ ಬಂತು. ಹಾರ ಗೀರ ಹಾಕುತ್ತಾರೇನೋ ಎಂದು ಇಸ್ತ್ರಿ ಮಾಡಿದ ಜುಬ್ಬಾ ತೊಟ್ಟು ಹೋದೆ. ಮಾನಸಳ ಮುಖ ಊದಿತ್ತು. ಎಂಟನೆಯ ಹಾಡು ಹಾಕಿದಳು. ಒಂದು ನಿಮಿಷವಾಯಿತು, ಎರಡಾಯಿತು, ಏನೂ ಕೇಳಿಸಲಿಲ್ಲ.

“ವೈರ್ ಲೂಸ್ ಆಗಿರ್ಬೇಕು, ನೋಡು” ಎಂದೆ.

“ವೈರ್ ಸರಿ ಇದೆ ಮಾವ. ಹಾಡೇ ಅದು. ನಮ್ಮೂರ ಕಾರ್ಖಾನೆ ಮುಚ್ಚಿ ಅದರ ಸೈರನ್ ನಿಂತುಹೋಯ್ತಲ್ಲ, ಅದರ ಜಾಗ ಖಾಲಿ ಬಿಟ್ಟಿದೀವಿ. ಇದ್ರಲ್ಲಿ ನನ್ನ ಕಂಠ ಎಲ್ಲಿ ಕೇಳಿಸ್ತು ನಿಮಗೆ?” ಅವಳ ಕಣ್ಣಲ್ಲಿ ನೀರಿತ್ತು. ಭೂಮಿ ಬಾಯಿಬಿಟ್ಟು ನುಂಗಬಾರದೇ ಎನಿಸಿತು.

ಆಗ, ಸ್ಟೂಲಿನ ಮೇಲೆ ಕೂತಿದ್ದ ಸಲೀಮನ ತಂದೆ ಬಾಯಿ ತೆರೆದರು. ಅದೇ ಕಾರ್ಖಾನೆಯಲ್ಲಿ ದುಡಿದು ನಿವೃತ್ತರಾದವರು. “ಸಾರ್‌ನ ಬೈಬೇಡ ಬೇಟಾ. ಅವರಿಗೆ ಕೇಳಿಸಿರುತ್ತೆ. ನಂಗೂ ಕೇಳಿಸುತ್ತೆ, ಬೆಳಗಿನ ಪಾಳಿ ಸೈರನ್ನು. ಇನ್ನೊಂದ್ ಸಲ ಹಾಕು.”

ಪುಣ್ಯಾತ್ಮರು ನನ್ನನ್ನು ನಂಬಿಬಿಟ್ಟಿದ್ದರು. ಬೈಗುಳಕ್ಕಿಂತ ಅದೇ ಹೆಚ್ಚು ಚುಚ್ಚಿತು. ಮಾನಸ ಮತ್ತೆ ಹಾಕಿದಳು. ಅವರು ಕಣ್ಣು ಮುಚ್ಚಿದರು. ನಾನೂ ಕೈಕಟ್ಟಿ ಕೂತೆ, ಕೊನೆಯವರೆಗೂ. ಮನೆಗೆ ಬಂದು ಉಳಿದ ಏಳನ್ನೂ ಕೇಳಿದೆ. ಈಗ ತಿದ್ದುಪಡಿ ಬರೆಯಲು ಕೂತು ನಾಲ್ಕು ದಿನವಾಯಿತು. ಕೇಳಿದ ಮೇಲೆ ಏನು ಬರೆಯಬೇಕೆಂಬುದೇ ನನಗೆ ಗೊತ್ತಿಲ್ಲ.