ಶಿರ್ತಾಡಿ ರಸ್ತೆಯ ತುಳು ಪತ್ತೆ ಯಂತ್ರ

ಮೂಡಬಿದಿರೆಯಿಂದ ಶಿರ್ತಾಡಿಗೆ ಹೋಗುವ ರಸ್ತೆಯಲ್ಲಿರುವ ನಮ್ಮ ಆಂಗ್ಲ ಮಾಧ್ಯಮ ಶಾಲೆಯಲ್ಲಿ ಕಳೆದ ಆಗಸ್ಟ್‌ನಿಂದ ತುಳು ಭಾಷೆ ಪತ್ತೆಯಾಗಿಲ್ಲ. ಶಾಲಾ ಸಮಿತಿಯ ಕಾರ್ಯದರ್ಶಿಯಾಗಿ ಇದನ್ನು ತಿಳಿಸಲು ನನಗೆ ಹೆಮ್ಮೆಯಿದೆ.

ಆವರಣದೊಳಗೆ ಇಂಗ್ಲಿಷ್ ಮಾತ್ರ ಆಡಬೇಕೆಂಬ ನಿಯಮ ಶಾಲೆ ಹುಟ್ಟಿದಂದಿನಿಂದ ಇದೆ. ನಾನು ಕಲಿತ ಕಾನ್ವೆಂಟಿನಲ್ಲಿ ಇಂಥ ನಿಯಮವನ್ನು ಒಬ್ಬರೇ ಸಿಸ್ಟರ್ ಬರಿಯ ಕಿವಿಯಿಂದ ಜಾರಿಯಲ್ಲಿಟ್ಟಿದ್ದರು. ಈಗ ಅಂಥ ಕಿವಿಗಳು ಸಿಗುವುದಿಲ್ಲ. ಆದ್ದರಿಂದ ನಮ್ಮ ಹಳೆಯ ವಿದ್ಯಾರ್ಥಿ, ಲಾಯಿಲದ ಇಂಜಿನಿಯರ್ ಜಿತೇಶ್ ಒಂದು ಯಂತ್ರವನ್ನು ಕಂಡುಹಿಡಿದ. ಪ್ರತಿ ತರಗತಿಯ ಕಪ್ಪುಹಲಗೆಯ ಮೇಲೆ ಒಂದು ಬಿಳಿ ಪೆಟ್ಟಿಗೆ. ಕೋಣೆಯ ಧ್ವನಿತರಂಗಗಳಿಂದ ಫ್ಯಾನಿನ ಸದ್ದು, ತಗಡಿನ ಮೇಲಿನ ಮಳೆ, ಎಕ್ಸ್‌ಪ್ರೆಸ್ ಬಸ್ಸಿನ ಹಾರ್ನ್ ಇವನ್ನೆಲ್ಲ ಅದು ಸೋಸಿ ತೆಗೆಯುತ್ತದೆ. ಉಳಿದದ್ದರಲ್ಲಿ ತುಳು ಇದ್ದರೆ ಕೆಂಪು ದೀಪ ಹಚ್ಚಿ ಕೂಗುತ್ತದೆ.

ಯಂತ್ರಕ್ಕೆ ಮೊದಲು ತುಳು ಎಂದರೇನೆಂದು ಕಲಿಸಬೇಕಿತ್ತು. ನಿರರ್ಗಳವಾದ ತುಳು ಈ ಶಾಲೆಯಲ್ಲಿ ಎಲ್ಲಿ ಸಿಗುತ್ತದೆಂದು ಜಿತೇಶ್ ಕೇಳಿದಾಗ, ಸಮಿತಿ ಒಮ್ಮತದಿಂದ ಅವನನ್ನು ಅಧ್ಯಾಪಕರ ಕೊಠಡಿಗೆ ಕಳುಹಿಸಿತು. ಊಟದ ಹೊತ್ತಿನಲ್ಲಿ ಅಲ್ಲಿ ಧ್ವನಿಮುದ್ರಣ ನಡೆಯಿತು. ಮಾದರಿಗಳು ಅತ್ಯುತ್ತಮವಾಗಿದ್ದವು.

ಉದ್ಘಾಟನೆಯ ದಿನ ಸಂಚಾಲಕ ರಮಾನಾಥರು, ಬಂಟ್ವಾಳದಲ್ಲಿ ಹೋಟೆಲಿರುವವರು, "ರೆಸ್ಪೆಕ್ಟೆಡ್ ಡಿಗ್ನಿಟರೀಸ್" ಎಂದರು. ಯಂತ್ರ ಕೂಗಿತು. ಇಂಗ್ಲಿಷ್ ಅಧ್ಯಾಪಕಿ ಸುಪ್ರೀತಾ, ಎಂ.ಎ., "ಗುಡ್ ಮಾರ್ನಿಂಗ್" ಎಂದರು. ಇನ್ನೂ ಜೋರಾಗಿ ಕೂಗಿತು.

ಕೂಡಲೇ ಸಮಿತಿಯ ಕೋಣೆಯಲ್ಲಿ ಸಭೆ ಸೇರಿದೆವು. ಆ ಕೋಣೆಗೆ ಯಂತ್ರ ಹಾಕಿಲ್ಲ. ಅಲ್ಲಿ ಆಡಳಿತ ನಡೆಯಬೇಕಾಗುತ್ತದೆ.

"ಎಂತ ಮಾರಾಯ ಇದು? ನಾನು ಮಾತಾಡಿದ್ದು ಇಂಗ್ಲಿಷಲ್ಲವಾ?" ಎಂದರು ರಮಾನಾಥರು.

"ಶಬ್ದ ಇಂಗ್ಲಿಷೇ ಸರ್," ಎಂದ ಜಿತೇಶ್. "ಆದರೆ ಯಂತ್ರ ಶಬ್ದ ನೋಡುವುದಲ್ಲ, ರಾಗ ನೋಡುವುದು. ನಮ್ಮವರ ಇಂಗ್ಲಿಷಿನ ಅಡಿಯಲ್ಲಿ ತುಳು ಓಡ್ತಾ ಉಂಟು."

"ಹಾಗಾದರೆ ಅದರ ಕಿವಿ ಸ್ವಲ್ಪ ಮಂದ ಮಾಡುವ."

"ಮಾಡಬಹುದು. ಆಗ ಮಕ್ಕಳ ತುಳುವೂ ತಪ್ಪಿಸಿಕೊಳ್ತದೆ."

ಯಂತ್ರದ ಹೆಸರು ಹೇಳಿ ಆಗಲೇ ಪ್ರವೇಶ ಶುಲ್ಕ ಏರಿಸಿಯಾಗಿತ್ತು. ಆದ್ದರಿಂದ ಯಂತ್ರ ಸರಿಯಿದೆಯೆಂದೂ ಮನುಷ್ಯರನ್ನು ತಿದ್ದಬೇಕೆಂದೂ ತೀರ್ಮಾನವಾಯಿತು. ಮರುದಿನ ಈ ಪ್ರಕಟಣೆ ಹೊರಟಿತು: "ಒಂದು ತಿಂಗಳಲ್ಲಿ ಹತ್ತು ಬಾರಿ ದೀಪ ಉರಿಸಿದ ಸಿಬ್ಬಂದಿಯನ್ನು ಕೆಲಸದಿಂದ ಬಿಡಿಸಲಾಗುವುದು. ಅತಿ ಕಡಿಮೆ ಬಾರಿ ಉರಿಸಿದವರಿಗೆ ಸ್ಪೋಕನ್ ಇಂಗ್ಲಿಷ್ ತರಗತಿಯನ್ನು ವಹಿಸಲಾಗುವುದು."

ಮೊದಲು ಸಿಕ್ಕಿಬಿದ್ದವಳು ಎಲ್‌ಕೆಜಿಯ ಆಯಾ ರಾಜೀವಿ. ಹೊಸದಾಗಿ ಸೇರಿದ ಸಾತ್ವಿಕಾ ಎಂಬ ಮಗು ಪ್ರತಿ ಬೆಳಿಗ್ಗೆ ಅಳುತ್ತಿತ್ತು. ರಾಜೀವಿ ಅದನ್ನು ಎತ್ತಿಕೊಂಡು "ಬುಲ್ಪೊಡ್ಚಿ ಮಗಾ", ಅಳಬೇಡ ಮಗೂ, ಎಂದು ಸಮಾಧಾನ ಮಾಡುತ್ತಿದ್ದಳು. ಮಗು ಸುಮ್ಮನಾಗುತ್ತಿತ್ತು, ಯಂತ್ರ ಶುರುಮಾಡುತ್ತಿತ್ತು. ಒಂಬತ್ತನೆಯ ಸಲಕ್ಕೆ ಅವಳನ್ನು ಕರೆಸಿದೆ.

"ರಾಜೀವಿ, ಇನ್ನೊಂದು ಸಲ ಆದರೆ ನೀನು ಮನೆಗೆ."

"ಹಾಗೆ ಹೇಳಬೇಡಿ ಮೇಡಂ. ಮನೆಯಲ್ಲಿ ದುಡಿಯುವವಳು ನಾನೊಬ್ಬಳೇ. ಮಗುವೂ ತುಳುವಿನಲ್ಲೇ ಅಳ್ತದೆ, ನಾನೆಂತ ಮಾಡುವುದು?"

"ಅಳುವಿಗೆ ಭಾಷೆ ಇಲ್ಲ."

"ಉಂಟು ಮೇಡಂ. ಅದು ಅತ್ತರೂ ದೀಪ ಹತ್ತುತ್ತದೆ."

ಪರಿಶೀಲಿಸಿದಾಗ ಮಾತು ನಿಜವಾಗಿತ್ತು. ಅಳಲಿಚ್ಛಿಸುವ ಮಕ್ಕಳು ತರಗತಿ ಅಧ್ಯಾಪಕಿಯ ಮೂಲಕ, ಇಂಗ್ಲಿಷಿನಲ್ಲಿ ಅಳತಕ್ಕದ್ದೆಂದು ತಿದ್ದುಪಡಿ ತಂದೆವು. ಶಿಸ್ತಿನ ಪ್ರಶ್ನೆ ಬಂದಾಗ ವಯಸ್ಸು ನೋಡಲಾಗುವುದಿಲ್ಲ.

ಅಂದಿನಿಂದ ರಾಜೀವಿ ಮಾತು ಬಿಟ್ಟಳು. ಮಗು ಅತ್ತರೆ ತುಟಿಯ ಮೇಲೆ ಬೆರಳಿಟ್ಟು ಪೆಟ್ಟಿಗೆಯನ್ನು ತೋರಿಸುತ್ತಿದ್ದಳು. ಮಗು ಪೆಟ್ಟಿಗೆಯನ್ನು ನೋಡಿ ಬಾಯಿ ಮುಚ್ಚಿಕೊಳ್ಳುತ್ತಿತ್ತು. ತಿಂಗಳ ಕೊನೆಗೆ ಯಂತ್ರದ ವರದಿ ಬಂತು. ಮಾತಾಡಿದ ಅಧ್ಯಾಪಕರೆಲ್ಲ ಹತ್ತು ದಾಟಿದ್ದರು. ಎಲ್ಲರನ್ನೂ ಬಿಡಿಸಿದರೆ ಶಾಲೆಯಲ್ಲಿ ಯಾರೂ ಉಳಿಯುವುದಿಲ್ಲವಾದ್ದರಿಂದ ಅವರನ್ನು ಎಚ್ಚರಿಸಿ ಬಿಡಲಾಯಿತು. ರಾಜೀವಿಯ ಹೆಸರಿನ ಮುಂದೆ ಮಾತ್ರ ಆ ಒಂಬತ್ತರ ಮೇಲೆ ಹೊಸದೊಂದು ದೀಪವೂ ಸೇರಿರಲಿಲ್ಲ.

"ಇಡೀ ಶಾಲೆಯಲ್ಲಿ ಇವಳದ್ದೇ ಒಳ್ಳೆಯ ಇಂಗ್ಲಿಷ್," ಎಂದರು ರಮಾನಾಥರು. ಪ್ರಕಟಣೆಯ ಪ್ರಕಾರ ಅದರಲ್ಲಿ ಎರಡು ಮಾತಿಗೆ ಅವಕಾಶವಿರಲಿಲ್ಲ.

ಈಗ ಸ್ಪೋಕನ್ ಇಂಗ್ಲಿಷ್ ತರಗತಿಯನ್ನು ರಾಜೀವಿಯೇ ತೆಗೆದುಕೊಳ್ಳುತ್ತಾಳೆ. ಹಲಗೆಯ ಮುಂದೆ ನಿಲ್ಲುತ್ತಾಳೆ. ಮಕ್ಕಳು ಕೈಕಟ್ಟಿ ಕುಳಿತು ಅವಳನ್ನು ನೋಡುತ್ತವೆ. ಸುಪ್ರೀತಾ ಹಿಂದಿನ ಬೆಂಚಿನಲ್ಲಿ ಕುಳಿತು ಕಲಿಯುತ್ತಿದ್ದಾರೆ, ಒಳ್ಳೆಯ ಪ್ರಗತಿ ಇದೆ. ಬೆಳ್ತಂಗಡಿಯ ಎರಡು ಶಾಲೆಗಳು ಯಂತ್ರ ಬೇಕೆಂದಿವೆ. ಜಿತೇಶ್ ಪೇಟೆಂಟಿಗೆ ಅರ್ಜಿ ಹಾಕಿದ್ದಾನೆ.

ಹೋದ ವಾರ ಸಾತ್ವಿಕಾಳ ತಾಯಿ ಸಮಿತಿಯ ಕೋಣೆಗೆ ಬಂದಳು. "ಮೇಡಂ, ಮಗು ಮನೆಯಲ್ಲಿ ಮಾತಾಡುವುದೇ ಇಲ್ಲ. ಬಿದ್ದು ಮೊಣಕಾಲು ಒಡೆದುಕೊಂಡು ಬಂದರೂ ಅಳಲಿಲ್ಲ."

"ಮೊದಲು ಯಾವ ಭಾಷೆಯಲ್ಲಿ ಅಳುತ್ತಿತ್ತು?"

"ತುಳುವಿನಲ್ಲಿ."

"ಈಗ?"

ತಾಯಿ ಸ್ವಲ್ಪ ಹೊತ್ತು ಯೋಚಿಸಿದಳು. ಮುಖ ನಿಧಾನವಾಗಿ ಅರಳಿತು. ಕೊನೆಗೆ, ಚಿಕ್ಕವನಿಗೂ ಒಂದು ಸೀಟು ಉಂಟಾ ಎಂದು ಕೇಳಿದಳು.

ಮಗುವನ್ನು ಕರೆತರುವಂತೆ ರಾಜೀವಿಗೆ ಹೇಳಿಕಳುಹಿಸಿದೆ. ಮೊಣಕಾಲಿಗೆ ಬಟ್ಟೆ ಕಟ್ಟಿದ್ದ ಮಗು ಅವಳ ಸೆರಗು ಹಿಡಿದು ಬಂದು ನಿಂತಿತು. ರಾಜೀವಿ ಬಾಯಿ ತೆರೆದಳು. ಪೆಟ್ಟಿಗೆಯಿಲ್ಲದ ಗೋಡೆಯತ್ತ ಒಮ್ಮೆ ನೋಡಿದಳು, ಬಾಯಿ ಮುಚ್ಚಿದಳು. ಆಮೇಲೆ ಮಗುವಿನ ತಲೆ ಸವರಿದಳು, ಬಹಳ ಹೊತ್ತು.

ಅದೂ ತುಳುವಿನಂತೆಯೇ ನನಗೆ ಕಂಡಿತು. ಜಿತೇಶನನ್ನು ಕೇಳಿದೆ. ಈಗಿನ ಯಂತ್ರಕ್ಕೆ ಅದು ತಿಳಿಯುವುದಿಲ್ಲವಂತೆ. ಜೂನ್‌ನಲ್ಲಿ ಬರುವ ಮಾದರಿಗೆ ತಿಳಿಯುತ್ತದೆ. ಸಮಿತಿ ಒಪ್ಪಿಗೆ ಕೊಟ್ಟಿದೆ.