ಉದಗೀರ ಕಿಲ್ಲೆಯ ಅಲೆಕ್ಸಾಂಡ್ರಿಯಾ

ಕಲ್ಯಾಣಪ್ಪ: ದೀಪಸ್ತಂಭ ಇಲ್ಲೇ ಇತ್ತು, ಈ ಬಾವಿ ಬಾಜೂಕ. ನನ್ನ ಕಣ್ಣೀಲೆ ನೋಡೀನಿ.

ಅಮರನಾಥ: ಏನ್ ನೋಡಿದಿ? ಇಲ್ಲಿ ಜಾಲಿಗಿಡ ಬಿಟ್ರ ಏನದ? ದೀಪಸ್ತಂಭ ಆ ಬುರುಜಿನ ಮ್ಯಾಲ. ಉಮಾಕಾಂತ ನನಗ ಕೈಮಾಡಿ ತೋರ್ಸ್ಯಾನ.

ಕಲ್ಯಾಣಪ್ಪ: ನಿನಗ ತೋರಿಸುವಾಗ ನಾ ಎಲ್ಲಿದ್ದೆ?

ಅಮರನಾಥ: ಹಿಂದ. ನೀ ಯಾವತ್ತೂ ಹಿಂದೇ, ಏದುಸಿರು ಬಿಡ್ಕೋತ.

ಇಬ್ಬರ ನಡುವೆ, ತಲೆಯ ಮೇಲೆ ಸೆರಗು ಹೊದ್ದು ದ್ರೌಪದಿ ನಿಂತಿದ್ದಳು. ಅವಳ ಗಂಡ ಉಮಾಕಾಂತ ತೀರಿಕೊಂಡು ಎರಡು ತಿಂಗಳಾಗಿತ್ತು. ಉದಗೀರ ಬಸ್ ಸ್ಟ್ಯಾಂಡಿನ ಕಂಟ್ರೋಲರ್ ಆಗಿ ಜನ್ಮವೆಲ್ಲ ದೇವಣಿ, ಜಳಕೋಟ, ನಿಲಂಗಾ ಎಂದು ಮೈಕಿನಲ್ಲಿ ಕೂಗಿದವನು, ನಿವೃತ್ತನಾದ ಮೇಲೆ ಈಜಿಪ್ತಿನ ಅಲೆಕ್ಸಾಂಡ್ರಿಯಾಕ್ಕೆ ಗಾಡಿ ಬಿಟ್ಟಿದ್ದ. ಪುಸ್ತಕ ಓದಿ, ಮೊಬೈಲಿನಲ್ಲಿ ನೋಡಿ, ಆ ಕಡಲ ದಂಡೆಯ ಊರಿನಲ್ಲಿ ನೋಡುವಂಥದ್ದು ಏನೇನಿದೆಯೋ ಅದನ್ನೆಲ್ಲ ಉದಗೀರದ ಹಳೆಯ ಕಿಲ್ಲೆಯೊಳಗೆ ತಂದಿಟ್ಟಿದ್ದ. ಬೆಳಗಿನ ವಾಕಿಂಗಿಗೆ ಜೊತೆಯಾಗುವ ಇಬ್ಬರು ಗೆಳೆಯರೇ ಅವನ ಪ್ಯಾಸೆಂಜರುಗಳು.

"ನಮ್ಮ ಮನಿಯವ್ರು ದಿನಾ ಹೋಗ್ತಿದ್ದ ಊರು ನನಗೂ ಒಮ್ಮಿ ತೋರಸ್ರಿ" ಎಂದು ದ್ರೌಪದಿ ಕೇಳಿದಾಗ ಕಲ್ಯಾಣಪ್ಪನಿಗೆ ಇಲ್ಲವೆನ್ನಲಾಗಲಿಲ್ಲ. ಗೆಳೆಯ ಹೋದ ಮೇಲೆ ಅವನು ಕಿಲ್ಲೆಯತ್ತ ಮುಖ ಮಾಡಿರಲಿಲ್ಲ. ಉಮಾಕಾಂತ ಕಟ್ಟಿದ ಊರು ಈಗ ತಮ್ಮಿಬ್ಬರ ತಲೆಯಲ್ಲಷ್ಟೇ ಉಳಿದಿದೆ. ಅದನ್ನು ಅವನ ಹೆಂಡತಿಗೇ ತಪ್ಪು ತೋರಿಸಿದರೆ ಅವನು ಇನ್ನೊಮ್ಮೆ ಹೋದಂತೆ. ಕಲ್ಯಾಣಪ್ಪನ ಹೆದರಿಕೆ ಅದು.

ದ್ರೌಪದಿ: ದೀಪಸ್ತಂಭ ಆಮ್ಯಾಲ ನೋಡಮಿ, ಭಾವಜೀ. ಸಮುದ್ರ ಎಲ್ಲಿಟ್ಟಿದ್ರು?

ಕಲ್ಯಾಣಪ್ಪ: ಅಗೋ ವೈನಿ, ಕೋಟಿ ಸುತ್ತ ಖಂದಕ. ಅದೇ ಭೂಮಧ್ಯ ಸಮುದ್ರ.

ದ್ರೌಪದಿ: ಸಮುದ್ರದಾಗ ಆಡು ಮೇಯಲತ್ತಾವ.

ಅಮರನಾಥ: ಬ್ಯಾಸಗಿ ಅಲ್ರಿ, ನೀರು ಇಳದದ.

ಕಲ್ಯಾಣಪ್ಪ: ನೀ ಸುಮ್ಮ ಕೂಡು. ಈ ಮಹಲು ನೋಡ್ರಿ ವೈನಿ, ಇದು ಅಲ್ಲಿನ ದೊಡ್ಡ ಲೈಬ್ರರಿ. ಹಳೇದು ಹಾಳಾಗಿ ಹೋಯ್ತಂತ, ಈಗ ಹೊಸಾದು ಕಟ್ಟ್ಯಾರ. ಇದು ಹೊಸಾದು.

ಅಮರನಾಥ: ಛತ್ತು ಒಂದು ಕಡಿ ಕುಸದದ, ಹೊಸಾದಂತ!

ಕಲ್ಯಾಣಪ್ಪ: ಅಲ್ಲೀ ಛತ್ತೂ ಓರೆ ಅದಂತೊ! ಅದಕ್ಕೇ ಅಂವಾ ಈ ಜಾಗಾ ಆರಿಸಿದ್ದು.

ಮುಂದೆ ನೆಲದೊಳಕ್ಕೆ ಇಳಿಯುವ ಕಲ್ಲಿನ ಮೆಟ್ಟಿಲುಗಳಿದ್ದವು. ಒಳಗೆ ಕತ್ತಲೆ.

ಕಲ್ಯಾಣಪ್ಪ: ಇಲ್ಲಿ ಇಳದ್ರ ಹಳೇ ಕಾಲದ ಗೋರಿಗೋಳು. ಒಂದರ ಕೆಳಗೊಂದು ಅಂತಸ್ತು. ಯಾರಿಗೂ ಗೊತ್ತಿರಲಿಲ್ಲಂತ. ಒಂದು ಕತ್ತೆ ಹೋಗಿ ತಗ್ಗಿನಾಗ ಬಿದ್ದಾಗ ತಿಳೀತಂತ.

ಅಮರನಾಥ: ಆ ಕತ್ತೆ ಪಾರ್ಟ್ ದಿನಾ ಇಂವಂದೇ ಇತ್ತು ವೈನಿ. ಇಲ್ಲೇ ಮುಗ್ಗರಿಸ್ತಿದ್ದ.

ದ್ರೌಪದಿ ಸೆರಗು ಬಾಯಿಗೆ ಹಿಡಿದು ನಕ್ಕಳು. ಆಮೇಲೆ ಬಗ್ಗಿ ಒಳಗೆ ನೋಡಿದಳು.

ದ್ರೌಪದಿ: ಅಲ್ಲಿ ಹ್ಯಾಂಗ? ನಮ್ಮಂಗ ಕುಂದ್ರಿಸಿ ಹೂಳತಾರೇನು?

ಉಮಾಕಾಂತನನ್ನು ವಿಭೂತಿ ಹಚ್ಚಿ, ಅಂಗೈಯಲ್ಲಿ ಲಿಂಗವಿಟ್ಟು, ತನ್ನ ಕೈಯಾರೆ ಸಮಾಧಿಯಲ್ಲಿ ಕೂರಿಸಿದ್ದು ಕಲ್ಯಾಣಪ್ಪನ ಕಣ್ಣಿಗೆ ಕಟ್ಟಿತು.

ಕಲ್ಯಾಣಪ್ಪ: ಇಲ್ರಿ. ಮಲಗಿಸಿಬಿಟ್ಟಾರ.

ದ್ರೌಪದಿ: ಪಾಪ.

ಅಮರನಾಥ: ಅದು ಬಿಡ್ರಿ. ಬುರುಜು ಹತ್ತಮಿ ನಡೀರಿ, ದೀಪಸ್ತಂಭ ಅಲ್ಲದ.

ಕಲ್ಯಾಣಪ್ಪ: ಬಾವಿ ಹತ್ರ ಅದ! ದಸರಾ ಹಬ್ಬದಾಗ ಆ ಬಾವೀ ಕಟ್ಟಿ ಮ್ಯಾಲ ಬನ್ನೀ ಎಲಿ ಇಟ್ಟು, 'ದೀಪ ಹತ್ತೇದ ನೋಡು' ಅಂದಿದ್ದ ಅಂವಾ. ನಾ ಏನ್ ಖೋಟಾ ಹೇಳಲತ್ತೀನಾ?

ಅಮರನಾಥ: ಸಂಕ್ರಾಂತಿಗಿ ಬುರುಜಿನ ಮ್ಯಾಲ ಎಳ್ಳು ಕೊಟ್ಟು, 'ದೀಪಸ್ತಂಭದ ತುದಿಗಿ ಬಂದೀವಿ' ಅಂದ. ನಾ ಖೋಟಾ ಏನು?

ಕಲ್ಯಾಣಪ್ಪ: ಹಂಗಾರ ಸತ್ತಂವಾ ಖೋಟಾ ಅಂತಿ?

ಅಮರನಾಥ: ನಾ ಹಂಗ ಯಾವಾಗ ಅಂದೆ? ವೈನಿ, ಹಂಗ ನಾ ಅಂದೆನಾ?

ದ್ರೌಪದಿ: ಇಬ್ರದೂ ಖರೇ ಅದ. ದಸರಾಕ್ಕ ಬಾವಿ. ದೀಪಾವಳಿ ಆದ್ಮ್ಯಾಲ ಈ ಮಹಲು. ಸಂಕ್ರಾಂತಿಗಿ ಬುರುಜು. ಅವರು ನಿಮಗ ತಿಳೀದಂಗ ಸರಿಸ್ಕೋತ ಹೋದ್ರು.

ಕಲ್ಯಾಣಪ್ಪ: ದೀಪಸ್ತಂಭ ಸರಸ್ತಾರೇನ್ರಿ? ಯಾಕ?

ದ್ರೌಪದಿ: ಸಕ್ರಿ ಬ್ಯಾನಿಗಿ ಡಾಕ್ಟರ್ ನಿಮಗ ದಿನಾ ನಡೀರಿ ಅಂದಿದ್ರು. ನೀವು ಬಾವೀಗಿ ಬಂದು ಕುಂತ್ರ ಏಳ್ತಿರಲಿಲ್ಲ. 'ಕಲ್ಯಾಣಪ್ಪನ ಸಕ್ರಿ ಇಳದಿಲ್ಲ, ನಾಳಿಗಿ ದೀಪಸ್ತಂಭ ಇನ್ನಷ್ಟು ಮುಂದ ಒಯ್ತೀನಿ' ಅಂತ ಸಂಜೀಕ ರೊಟ್ಟಿ ತಿನ್ನಕೋತ ನನ್ನ ಮುಂದ ಹೇಳ್ತಿದ್ರು.

ಕಲ್ಯಾಣಪ್ಪ ಕಲ್ಲಿನ ಮೇಲೆ ಕುಳಿತ.

ಕಲ್ಯಾಣಪ್ಪ: ಮತ್ತ ಅಲೆಕ್ಸಾಂಡ್ರಿಯಾದಾಗ ಖರೇ ಅಂದ್ರ ಅದು ಎಲ್ಲದ?

ದ್ರೌಪದಿ: ಅಲ್ಲಿ ಇಲ್ಲೇ ಇಲ್ರಿ. ಭೂಕಂಪಕ್ಕ ಬಿದ್ದು ಹೋಗಿ ನೂರಾರು ವರ್ಷ ಆಯ್ತಂತ. ಆ ಜಾಗಾದಾಗ ಈಗ ಒಂದು ಕಿಲ್ಲಾ ಅದ.

ಅಮರನಾಥ: ಅಲ್ಲೂ ಭೂಕಂಪ? ತೊಂಬತ್ಮೂರರಾಗ ನಮ್ಮ ಕಡಿ ಆದಂಗ?

ದ್ರೌಪದಿ: ನಮ್ಮಂಗ.

ಅಮರನಾಥ: ಅರೇ ದೇವಾ. ನನಗ ಸಕ್ರಿ ಇಲ್ಲಲ್ರಿ, ನನಗ್ಯಾಕ ಕರೀತಿದ್ದ ಮತ್ತ?

ದ್ರೌಪದಿ: ಜಗಳಾಡ್ಕೋತ ನಡದ್ರ ಕಲ್ಯಾಣಪ್ಪ ಭಾವಜಿಗಿ ದಣಿವು ತಿಳಿಯಲ್ಲಂತ.

ಕಲ್ಯಾಣಪ್ಪ ಹೆಗಲ ವಸ್ತ್ರದಿಂದ ಮುಖ ಒರೆಸಿಕೊಂಡ. ಬೆವರು ಅಷ್ಟೇನೂ ಬಂದಿರಲಿಲ್ಲ.

ಕಲ್ಯಾಣಪ್ಪ: ಎಲ್ಲಾ ಗೊತ್ತಿದ್ದು, ನನಗ ತೋರಸ್ರಿ ಅಂತ ಕರ್ಕೊಂಡು ಬಂದ್ರೇನು ವೈನಿ?

ದ್ರೌಪದಿ: ನಿಮ್ಮ ಹೆಂಡತಿ ಅನುಸೂಯಾಬಾಯಿ ಬಂದು ಅತ್ತಳ್ರಿ. 'ಎರಡು ತಿಂಗಳಾಯ್ತು, ನಮ್ಮವ್ರು ಹೊಸ್ತಿಲು ದಾಟಿಲ್ಲ' ಅಂತ. ಹೆಂಡತಿ ಮಾತು ಕೇಳಲ್ಲ, ಡಾಕ್ಟರ್ ಮಾತು ಕೇಳಲ್ಲ. ಮತ್ತ ಏನ್ ಮಾಡಬೇಕು? ಏಳ್ರಿ ಈಗ. ಅವರು ನಿಮಗ ತೋರಿಸದೇ ಇದ್ದದ್ದು ಒಂದು ಉಳದದ. ಕಲ್ಲಿನ ಹಳೇ ನಾಟಕ ಥೇಟರ್, ಅರ್ಧ ಗುಂಡಗ ಕಟ್ಟಿದ್ದು.

ಅಮರನಾಥ: ಅದು ಎಲ್ಲದ?

ದ್ರೌಪದಿ: ಬುರುಜು ದಾಟಿ, ಆ ಕಡಿ ದರವಾಜಾ ಹತ್ರ.

ಅಷ್ಟು ದೂರವೇ ಎಂದು ಗೊಣಗುತ್ತ, ಮೊಣಕಾಲ ಮೇಲೆ ಕೈಯೂರಿ, ಕಲ್ಯಾಣಪ್ಪ ಎದ್ದ.

ಕಲ್ಯಾಣಪ್ಪ: ಬರ್ತೀನಿ. ಆದ್ರ ಒಂದು ಮಾತು ವೈನಿ. ಆ ಥೇಟರ್ ಅಲ್ಲೇ ಇರಲಿ. ನಾಳಿಗಿ ಜಾಗಾ ಬದಲ ಮಾಡಬ್ಯಾಡ್ರಿ.

ದ್ರೌಪದಿ: ಅದು ನಿಮ್ಮ ಸಕ್ರಿ ರಿಪೋರ್ಟ್ ನೋಡಿ ಹೇಳ್ತೀನಿ.