ಬುರುಡೆಯ ಪಕ್ಕದ ಸಣ್ಣ ತೂತು

ಎಲೌ ವಾಣಿ! ನವದ್ವಾರಪುರವೆಂಬ ಈ ನರದೇಹಕ್ಕೆ ಒಂಬತ್ತು ಬಾಗಿಲು ಸಾಲದೆಂದು ತಲೆಬುರುಡೆಯ ತುಂಬ ತೂತು ಕೊರೆದ ನಿನ್ನ ಪತಿದೇವರ ಕೈಚಳಕವನ್ನು ಹೊಗಳಲೋ, ಅವುಗಳ ಹೆಸರು ಬಾಯಿಪಾಠ ಮಾಡುವ ಮಕ್ಕಳ ಹಣೆಬರಹಕ್ಕೆ ಮರುಗಲೋ?

ಪ್ರಥಮವರ್ಷ ವೈದ್ಯಕೀಯವೆಂಬ ಘೋರಯುಗದಲ್ಲಿ, ಮೈಸೂರಿನ ಒಂದು ಲೇಡೀಸ್ ಹಾಸ್ಟೆಲಿನಲ್ಲಿ, ನಿದ್ರಾವಿಜಯಿನಿ, ಕಾಫಿಪಾನಧುರಂಧರೆ, ಮಹಾಗ್ರಂಥಭಾರವಾಹಿನಿ ಮಂದಾಕಿನಿಯೆಂಬ ವೀರಾಂಗನೆ ಇದ್ದಳು. ಮೂಳೆಗಳ ಮೌಖಿಕ ಪರೀಕ್ಷೆಯಲ್ಲಿ ಒಮ್ಮೆ ಬಾಯಿ ಕಟ್ಟಿ ಡುಮ್ಕಿ ಹೊಡೆದಿದ್ದಳು, ಪಾಪ. ಮರುಪರೀಕ್ಷೆ ನಾಳೆ ಬೆಳಿಗ್ಗೆ. ಈ ಸಲವೂ ಎಡವಿದರೆ ಜೊತೆಯವರೆಲ್ಲ ಮುಂದಿನ ತರಗತಿಗೆ, ಇವಳೊಬ್ಬಳು ಇದ್ದಲ್ಲೇ. ಆ ಭಯಕ್ಕೆ ಅನ್ನ ಸೇರುತ್ತಿರಲಿಲ್ಲ. ಸೀನಿಯರ್ ಇಂದುಮತಿಯ ಕೈಕಾಲು ಹಿಡಿದು ಅವಳ ತಲೆಬುರುಡೆಯನ್ನು, ಅಂದರೆ ಅವಳು ಕೊಂಡಿಟ್ಟಿದ್ದ ತಲೆಬುರುಡೆಯನ್ನು, ಸಂಜೆಯವರೆಗೆ ಎರವಲು ತಂದಿದ್ದಳು.

ಓದಲು ಕೂತದ್ದೇ ತಡ, ಬುರುಡೆಯ ಕಿವಿಯ ಜಾಗದ ಮೇಲ್ಗಡೆ ಒಂದು ಸಣ್ಣ ತೂತು ಕಣ್ಣಿಗೆ ಬಿತ್ತು. ಪುಸ್ತಕದಲ್ಲಿ ಅದರ ಸುಳಿವೇ ಇಲ್ಲ! ಯಾವ ತೂತಿನಲ್ಲಿ ಏನು ಹಾದುಹೋಗುತ್ತದೆಂದು ಹೇಳುವುದೇ ಅಲ್ಲವೇ ಪರೀಕ್ಷೆ?

“ಇದ್ರಲ್ಲಿ ರಕ್ತನಾಳ ಹೋಗುತ್ತೆ,” ಎಂದಳು ಮಂದಾಕಿನಿ.

“ನರ ಕಣೇ,” ಎಂದಳು ಕೋಣೆಯ ಜೊತೆಗಾತಿ ಜಯಶೀಲಾ, ತರ್ಕಕರ್ಕಶೆ, ಪರಮತಖಂಡನಪಂಡಿತೆ.

ಸರಿ, ಹತ್ತಿಕೊಂಡಿತು. ತೂತಿಗೆ ಕಡ್ಡಿ ತೂರಿಸಿ ದಾರಿ ನೋಡುವುದು ಮೂಳೆ ಓದುವವರ ಸನಾತನ ಯುದ್ಧಧರ್ಮವಾದ್ದರಿಂದ, ಮೂಲೆಯ ಕಡ್ಡಿಪೊರಕೆಯಿಂದ ಇಬ್ಬರೂ ಒಂದೊಂದು ದಿವ್ಯಾಸ್ತ್ರವನ್ನು ಸರ್ರನೆ ಸೆಳೆದರು.

“ಕೇಳಿಸ್ಕೋ ಜಯಾ, ಭೂಮಿ ಬಾಯ್ಬಿಟ್ರೂ ನನ್ನ ಮಾತು ಬದಲಾಗಲ್ಲ. ಇದು ರಕ್ತನಾಳದ ದಾರಿ ಅಲ್ದಿದ್ರೆ ವರ್ಷಪೂರ್ತಿ ನಿನ್ನ ಏಪ್ರನ್ ನಾನೇ ಒಗೀತೀನಿ.”

“ನಾನು ಸೋತ್ರೆ ಕಿಟಕಿ ಪಕ್ಕದ ಮಂಚ ನಿಂದು, ತಗೋ.”

ಕಡ್ಡಿಗೆ ಕಡ್ಡಿ ತಾಗಿತು, ಜಡೆಗೆ ಜಡೆ ತೊಡರಿತು. ಇಬ್ಬರ ನಡುವೆ ಸಿಕ್ಕ ಬುರುಡೆ ಮಾತ್ರ ಹಲ್ಲು ಕಿರಿಯುತ್ತಲೇ ಇತ್ತು. ಮೆಸ್ಸಿನ ಊಟ ಮುಗಿಯಿತು, ಹೊತ್ತು ಇಳಿಯಿತು. ಕಡೆಗೆ ಜಯಶೀಲಾಳ ಕಡ್ಡಿ ಲಟಕ್ಕನೆ ಮುರಿಯಿತು.

“ಆಯ್ತು ಮಾರಾಯ್ತಿ, ರಕ್ತನಾಳಾನೇ. ಸಾಕು ಬಿಡು.”

ಮಂದಾಕಿನಿಗೆ ಆನೆ ಬಲ ಬಂತು. ನಾಳೆ ಗೆದ್ದೇ ಗೆಲ್ಲುತ್ತೇನೆ ಎಂದುಕೊಂಡಳು. ಅಷ್ಟರಲ್ಲಿ ಬುರುಡೆ ಕೇಳಿಕೊಂಡು ಇಂದುಮತಿ ಬಾಗಿಲಲ್ಲಿ ಬಂದು ನಿಂತಳು.

“ಅಕ್ಕಾ, ಈ ತೂತಲ್ಲಿ ರಕ್ತನಾಳ ತಾನೇ ಹೋಗೋದು?”

“ಅದಾ? ದವಡೆ ಕಳಚಿ ಬೀಳ್ದಿರೋ ಹಾಗೆ ಸ್ಪ್ರಿಂಗ್ ಸಿಗಿಸೋಕೆ ಅಂಗಡಿಯವನು ಡ್ರಿಲ್ ಹೊಡೆದಿದ್ದು ಕಣ್ರೇ.”

ಮಂದಾಕಿನಿ ಬುರುಡೆಯನ್ನು ಗಬಕ್ಕನೆ ತಿರುಗಿಸಿ ನೋಡಿದಳು. “ಮತ್ತೆ ಉಳಿದ ತೂತೆಲ್ಲ?”

“ಅವೆಲ್ಲ ದೇವರು ಮಾಡಿದ್ದು. ನಾಳೆ ಕೇಳೋದು ಅವನ್ನೇ,” ಎಂದು ಇಂದುಮತಿ ಬುರುಡೆಯನ್ನು ತರಕಾರಿ ಚೀಲಕ್ಕೆ ಹಾಕಿಕೊಂಡು ಹೊರಟುಹೋದಳು.